ಪೇಟಿ ಇರುವ ಮನೆಗೆ ಪುಟ್ಟ ಸಿಂಥ್ ಬೇಕೇ?

ಶನಿವಾರ ಹನಮಪ್ಪನ ಗುಡಿಯಲ್ಲಿ ಭಜನಿ ಮುಗಿದು ನಾನು ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಬಟ್ಟೆ ಸುತ್ತುತ್ತಿದ್ದೆ. ಓಣಿಯ ಹುಡುಗನೊಬ್ಬ ಬಂದು ಪಕ್ಕ ಕೂತ, ಫೋನ್ ಮುಂದೆ ಹಿಡಿದ. ಎರಡು ಅಂಗೈ ಜೋಡಿಸಿದಷ್ಟು ದೊಡ್ಡ ಯಂತ್ರ, ಮೈತುಂಬ ತಿರುಗಿಸುವ ಗುಂಡಿಗಳು. ಸಿಂಥ್, ಅಂದರೆ ವಿದ್ಯುತ್ತಿನಿಂದ ಧ್ವನಿಯನ್ನು ನಾವೇ ಕಟ್ಟಿ ಬಾರಿಸುವ ಯಂತ್ರ. "ಕಾಕಾ, ಇದಕ್ಕ ಹದಿನಾರು ಸಾವಿರ ಅಂತಾರ್ರಿ. ತಗೊಳ್ಲೇನು? ಮನ್ಯಾಗ ಅಜ್ಜನ ಪೇಟಿ ಐತಲ್ಲ, ಮತ್ತ ಇದ್ಯಾಕ ಅಂತಾರ ಅಪ್ಪ."

ಅವನ ಅಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ. ಏಳು ವರ್ಷದಲ್ಲಿ ಇಂಥ ನಾಲ್ಕು ಯಂತ್ರ ನನ್ನ ಕೈ ದಾಟಿ ಹೋಗಿವೆ. ಎರಡನ್ನು ಮಾರಿದೆ, ಎರಡು ಉಳಿದಿವೆ. ಧಾರವಾಡದಲ್ಲಿ ನೌಕರಿ ಮಾಡಿಕೊಂಡು ರಾತ್ರಿ ಒಂದು ತಾಸು ಸಂಗೀತಕ್ಕೆ ಕೂಡುವ ನನ್ನಂಥವರಿಗೆ ಈ ವಸ್ತುಗಳ ಬೆಲೆ ಸಣ್ಣದಲ್ಲ. ಇಷ್ಟು ದಿನದಲ್ಲಿ ನನಗೆ ಗಟ್ಟಿಯಾದ ಅಳತೆ ಒಂದೇ. ಪೇಟಿಯಿಂದ ಆಗದ, ಜೇಬಿನ ಫೋನಿನಿಂದಲೂ ಆಗದ ಕೆಲಸವನ್ನು ಅದು ಮಾಡಬೇಕು, ದಿನಾ ಮಾಡಬೇಕು. ಹಾಗಿದ್ದರೆ ದುಡ್ಡು ಕೊಡಬಹುದು. ಎಷ್ಟು ಟೋನ್, ಎಷ್ಟು ಬಟನ್ ಎಂದು ಎಣಿಸುತ್ತ ಕೂತರೆ ಲೆಕ್ಕ ದಾರಿ ತಪ್ಪುತ್ತದೆ.

ಪೇಟಿಯಿಂದ ಆಗದ್ದು ಏನು?

ಎರಡು ಸ್ವರಗಳ ನಡುವಿನ ದಾರಿ. ಪೇಟಿಯ ಪ್ರತಿ ಮನೆಗೂ, ಅಂದರೆ ಕೀಗೂ, ತನ್ನದೇ ರೀಡು, ಗಾಳಿಗೆ ನುಡಿಯುವ ಲೋಹದ ಪಟ್ಟಿ; ಒಂದು ಮನೆಯಿಂದ ಇನ್ನೊಂದಕ್ಕೆ ಹಾರಬಹುದೇ ಹೊರತು ಜಾರಲು ಬರುವುದಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿದಾಗ ಎದ್ದ ದೊಡ್ಡ ಆಕ್ಷೇಪವೂ ಇದೇ: ಮೀಂಡ್ ಎಂಬ ಜಾರುವಿಕೆ ಇಲ್ಲ, ಶ್ರುತಿ ಕಟ್ಟಿಹಾಕಿದಂತಿದೆ. ಆ ನಿಷೇಧ ಸಡಿಲಾಗಲು 1971ರ ತನಕ ಕಾಯಬೇಕಾಯಿತು. ಇನ್ನೊಂದು ಸಣ್ಣ ಲೆಕ್ಕವಿದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಶುದ್ಧ ಗಾಂಧಾರ ಷಡ್ಜದಿಂದ 386 ಸೆಂಟ್ ದೂರ. (ಸೆಂಟ್ ಎಂದರೆ ಸಪ್ತಕದ ಸಾವಿರದಿನ್ನೂರು ಪಾಲಿನಲ್ಲಿ ಒಂದು.) ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದ ಕೀಬೋರ್ಡಿನಲ್ಲಿ ಅದು 400 ಸೆಂಟ್. ಹದಿನಾಲ್ಕು ಸೆಂಟ್ ಏರಿದ ಗಾಂಧಾರ ಸಿನಿಮಾ ಹಾಡಿನಲ್ಲಿ ಯಾರಿಗೂ ಚುಚ್ಚುವುದಿಲ್ಲ. ತಂಬೂರಿ ಹಚ್ಚಿ ಯಮನ ರಾಗ ಹಾಡಲು ಕೂತರೆ ಚುಚ್ಚುತ್ತದೆ. ರೋಣದಲ್ಲಿ ಭೀಮಸೇನ ಜೋಶಿ ಹುಟ್ಟಿದ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಬಾಳಿ ಹಾಡಿದ ಸೀಮೆ ಇದು. ಇಲ್ಲಿಯ ಸಾದಾ ಕೇಳುಗರ ಕಿವಿಗೂ ಗಾಂಧಾರ ಸರಿದದ್ದು ತಿಳಿಯುತ್ತದೆ.

ಎರಡನೆಯದು, ಧ್ವನಿಯ ಬಣ್ಣ. ಬಾಯಿ ಮುಚ್ಚಿದಂತೆ ಮಾಡಿ "ಊ" ಅನ್ನಿ, ನಿಲ್ಲಿಸದೆ ನಿಧಾನ "ಆ"ಗೆ ಬನ್ನಿ. ಸ್ವರ ಅದೇ, ಬಣ್ಣ ಬೇರೆ. ಸಿಂಥ್‌ನ ಫಿಲ್ಟರ್ ಮಾಡುವುದು ಇದೇ ಕೆಲಸ. ಆಸಿಲೇಟರ್ ಎಂಬುದು ಪೇಟಿಯ ರೀಡಿನ ಹಾಗೆ ಕಚ್ಚಾ ಧ್ವನಿ ಕೊಡುತ್ತದೆ. ಫಿಲ್ಟರ್ ಆ ಧ್ವನಿಯ ಬಾಯಿ ತೆರೆದು ಮುಚ್ಚುತ್ತದೆ. ಎನ್ವಲಪ್ ಎಂಬುದು ಸ್ವರ ತಬಲಾದ ಹಾಗೆ ಹೊಡೆದು ಆರಬೇಕೋ, ಸಾರಂಗಿಯ ಹಾಗೆ ಉಬ್ಬಿ ಬರಬೇಕೋ ಎಂದು ನಿರ್ಧರಿಸುತ್ತದೆ. ಈ ಮೂರನ್ನು ಕೈಯಿಂದ ತಿರುಗಿಸಲು ಬಂದರೆ ಅದು ಸಿಂಥ್. ಮೊದಲೇ ತುಂಬಿಟ್ಟ ನೂರು ಟೋನ್‌ಗಳಲ್ಲಿ ಒಂದನ್ನು ಆರಿಸಿ ಬಾರಿಸುವಂತಿದ್ದರೆ ಅದನ್ನು ಕೀಬೋರ್ಡ್ ಅನ್ನಬೇಕು. ಎರಡೂ ಒಳ್ಳೆಯವೇ, ಕೆಲಸ ಬೇರೆ. ನಮ್ಮಲ್ಲಿ ಎಷ್ಟೋ ಜನ ಒಂದನ್ನು ತಂದು ಇನ್ನೊಂದರ ಕೆಲಸ ನಿರೀಕ್ಷಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಎಲೆಕ್ಟ್ರಾನಿಕ್ ವಾದ್ಯ ನಮ್ಮ ಸಂಗೀತದ ಮನೆಗಳಿಗೆ ಹೊಸದೇನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ರಾಡೆಲ್‌ನಂಥ ಕಂಪನಿಗಳ ತಂಬೂರಿ ಪೆಟ್ಟಿಗೆ, ತಬಲಾ ಪೆಟ್ಟಿಗೆಗಳು ಧಾರವಾಡದ ರಿಯಾಜಿನ ಕೋಣೆಗಳಲ್ಲಿ ಎಷ್ಟೋ ವರ್ಷಗಳಿಂದ ನುಡಿಯುತ್ತಿವೆ. ತಂಬೂರಿ ನುಡಿಸಲು ಇನ್ನೊಬ್ಬರು ಇಲ್ಲದ ಹೊತ್ತಿನಲ್ಲಿ, ಒಂದೇ ಕೆಲಸವನ್ನು ಚೆನ್ನಾಗಿ ಮಾಡಿ ಅವು ಜಾಗ ಗಿಟ್ಟಿಸಿಕೊಂಡವು. ಪುಟ್ಟ ಸಿಂಥ್‌ಗೂ ನಾನು ಅದೇ ಪರೀಕ್ಷೆ ಇಡುತ್ತೇನೆ.

ಮೊದಲು, ಕೊಳ್ಳದೆ ಆಗುತ್ತದೆಯೇ?

ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತದ ಆ್ಯಪ್ ಪುಕ್ಕಟೆ ಸಿಗುತ್ತದೆ, ಮತ್ತು ಅದು ನಿಜವಾಗಿ ಒಳ್ಳೆಯದು. ಆಂಡ್ರಾಯ್ಡ್‌ನ ಬಹಳಷ್ಟು ಫೋನುಗಳಲ್ಲಿ ಬೆರಳು ಮುಟ್ಟಿದ ಮೇಲೆ ಸ್ವರ ತುಸು ತಡೆದು ಬರುತ್ತದೆ. ವಿಲಂಬಿತದಲ್ಲಿ ನಡೆದೀತು, ತಾಳಕ್ಕೆ ಹಿಡಿದು ಬಾರಿಸಲು ಹೋದರೆ ಕೈ ಮತ್ತು ಕಿವಿಯ ಸಂಬಂಧವೇ ಹರಿದುಹೋಗುತ್ತದೆ.

ಲ್ಯಾಪ್‌ಟಾಪ್ ಇದ್ದರೆ ಪರಿಸ್ಥಿತಿ ಬಹಳ ಒಳ್ಳೆಯದು. ಸರ್ಜ್ ಎಕ್ಸ್‌ಟಿ, ಡೆಕ್ಸೆಡ್ ಎಂಬ ಸಾಫ್ಟ್‌ವೇರ್ ಸಿಂಥ್‌ಗಳು ಪೂರ್ತಿ ಉಚಿತ. ವೈಟಲ್‌ಗೂ ಉಚಿತ ಆವೃತ್ತಿ ಇದೆ. ಇವುಗಳಲ್ಲಿ ಯಾವುದೂ ನಲವತ್ತು ಸಾವಿರದ ಯಂತ್ರಕ್ಕೆ ಧ್ವನಿಯಲ್ಲಿ ಕಡಿಮೆಯಿಲ್ಲ. ಅಕಾಯ್ ಎಂಪಿಕೆ ಮಿನಿ ತರಹದ 25 ಕೀಗಳ ಕಂಟ್ರೋಲರ್ (ತನ್ನದೇ ಧ್ವನಿ ಇಲ್ಲದ, ಲ್ಯಾಪ್‌ಟಾಪಿಗೆ ಹಚ್ಚುವ ಕೀಬೋರ್ಡ್) ಹತ್ತು ಸಾವಿರದ ಆಸುಪಾಸಿನಲ್ಲಿ ಸಿಕ್ಕರೆ ಕೆಲಸ ಶುರು. ವಿಂಡೋಸ್‌ನಲ್ಲಿ ಧ್ವನಿಯ ತಡ ಕಡಿಮೆ ಮಾಡುವ ಆಸಿಯೋ ಎಂಬ ಡ್ರೈವರ್ ಹಾಕಿ ಬಫರ್, ಅಂದರೆ ಧ್ವನಿ ಹೊರಬರುವ ಮೊದಲು ಕೂಡಿಡುವ ಜಾಗ, ಇಳಿಸಿಕೊಳ್ಳಿ: 48 ಕಿಲೋಹರ್ಟ್ಸ್‌ನಲ್ಲಿ ಬಫರ್ 1024 ಇದ್ದರೆ ಅಷ್ಟಕ್ಕೇ 21 ಮಿಲಿಸೆಕೆಂಡ್ ತಡ, 256ಕ್ಕೆ ಇಳಿಸಿದರೆ ಐದೂ ಚಿಲ್ಲರೆ. ಎರಡನ್ನೂ ಒಮ್ಮೆ ಬಾರಿಸಿ ನೋಡಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಹಾಡು ಕಟ್ಟಬೇಕು, ಮೇಲೆ ಮೇಲೆ ಧ್ವನಿ ಸೇರಿಸಿ ರೆಕಾರ್ಡ್ ಮಾಡಬೇಕು ಎಂಬ ಆಸೆಯವರು ಇಲ್ಲಿಗೇ ಓದು ನಿಲ್ಲಿಸಿ ಕಂಟ್ರೋಲರ್ ತೆಗೆದುಕೊಳ್ಳಬಹುದು. ನನ್ನ ಅಡಚಣೆ ಬೇರೆಯಿತ್ತು. ದಿನವಿಡೀ ಪರದೆ ನೋಡಿ ಮನೆಗೆ ಬಂದವನಿಗೆ ರಾತ್ರಿ ಮತ್ತೆ ಪರದೆ ತೆರೆಯುವ ಮನಸ್ಸಾಗುತ್ತಿರಲಿಲ್ಲ. ತೆರೆದರೂ ಧ್ವನಿ ಹುಡುಕುವುದರಲ್ಲೇ ಹತ್ತೂವರೆ ಆಗಿ, ಒಂದು ಸ್ವರ ಬಾರಿಸದೆ ಮುಚ್ಚಿದ ದಿನಗಳೇ ಹೆಚ್ಚು. ನಿಮಗೆ ಆ ತೊಂದರೆ ಇಲ್ಲವೆಂದರೆ ನನ್ನ ದಾರಿ ಹಿಡಿಯಬೇಡಿ.

ಭಜನಿ, ರಸಮಂಜರಿ, ಮದುವೆ ಮನೆಯ ಹಾಡು, ಮಕ್ಕಳ ಕಲಿಕೆ ಇವುಗಳಿಗಾಗಿ ಕೇಳುವವರಿಗೆ ನನ್ನ ಉತ್ತರ ಇನ್ನೂ ಚಿಕ್ಕದು. ಪುಟ್ಟ ಸಿಂಥ್ ಬೇಡ, 61 ಕೀಗಳ ಕೀಬೋರ್ಡ್ ಕೊಳ್ಳಿ. ಯಮಹಾ ಪಿಎಸ್‌ಆರ್-ಐ500, ಕ್ಯಾಸಿಯೋ ಸಿಟಿ-ಎಕ್ಸ್9000ಐಎನ್ ನಮ್ಮ ದೇಶಕ್ಕೆಂದೇ ಮಾಡಿದವು. ಭಾರತೀಯ ತಾಳ, ಭಾರತೀಯ ವಾದ್ಯಗಳ ಧ್ವನಿ ಅವುಗಳಲ್ಲೇ ಇವೆ, ಸ್ಪೀಕರ್ ಒಳಗೇ ಇದೆ, ಕೀಗಳು ದೊಡ್ಡವರ ಬೆರಳಿಗೆ ಸರಿಯಾದ ಅಗಲದವು. ಇನ್ನು ಮಗುವಿನ ಆಸಕ್ತಿ ನೋಡಬೇಕು ಅಷ್ಟೇ ಎಂದರೆ ಕ್ಯಾಸಿಯೋ ಎಸ್‌ಎ-46 ಸಾಕು: 32 ಸಣ್ಣ ಕೀ, ನೂರು ಟೋನ್. ಆಟಿಕೆಯಂತೆ ಕಂಡರೂ ಸ್ವರ ಸ್ವಚ್ಛ.

ಈಗ ಪುಟ್ಟ ಸಿಂಥ್‌ಗಳು

ತೀರ ಸಣ್ಣವುಗಳಿಂದ ಶುರು ಮಾಡುತ್ತೇನೆ. ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ 2015ರಲ್ಲಿ 59 ಡಾಲರಿಗೆ ಪಾಕೆಟ್ ಆಪರೇಟರ್ ತಂದಿತು. ಕ್ಯಾಲ್ಕುಲೇಟರ್ ಆಕಾರ, ಮೇಲುಹೊದಿಕೆ ಇಲ್ಲದ ಬರಿಯ ಸರ್ಕ್ಯೂಟ್ ಬೋರ್ಡ್, ರಿಮೋಟಿಗೆ ಹಾಕುವ ಎರಡು ಸೆಲ್. ಇದರಲ್ಲಿ ನಾನು ಮನಸಾರೆ ಮೆಚ್ಚುವುದು 2018ರ ಪಿಒ-33. ಮೈಕ್ ಒಳಗೇ ಇದೆ, ನಲವತ್ತು ಸೆಕೆಂಡಿನಷ್ಟು ಧ್ವನಿ ಹಿಡಿಯುತ್ತದೆ. ಹಲಗಿಯ ಒಂದು ಪೆಟ್ಟು, ಜೋಳದ ರೊಟ್ಟಿ ಬಡಿಯುವ ಸಪ್ಪಳ, ಗುಡಿಯ ಗಂಟೆ ಹಿಡಿದು ಅದರಿಂದಲೇ ಲಯ ಕಟ್ಟಬಹುದು. ನಮ್ಮ ಮನೆಯವರು ರೊಟ್ಟಿ ಬಡಿಯುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಡಿದ ಲಯ ಇನ್ನೂ ಕಿವಿಯಲ್ಲಿದೆ: ಅಂಗೈ ಬೀಳುವ ಮೆತ್ತನೆಯ ಪೆಟ್ಟು, ರೊಟ್ಟಿ ತಿರುಗಿಸುವಾಗಿನ ಸಣ್ಣ ವಿರಾಮ, ಮತ್ತೆ ಪೆಟ್ಟು. ಪೇಟಿ ಈ ಕೆಲಸ ಮಾಡಲಾರದು. ಆದರೆ ಸ್ವರ ಬಾರಿಸಲು ಇದು ವಾದ್ಯವಲ್ಲ, ಬಟನ್‌ಗಳು ಬೆರಳಿಗೆ ಸಿಗುವುದೇ ಕಷ್ಟ. ಅದೇ ಕಂಪನಿಯ 2023ರ ಇಪಿ-133 ಇದರ ದೊಡ್ಡಣ್ಣ. ಬಿಡುಗಡೆಯ ಬೆಲೆ 299 ಡಾಲರ್, ಆಗ 64 ಮೆಗಾಬೈಟ್ ಜಾಗ, ಒತ್ತಿದ ಜೋರು ತಿಳಿಯುವ ಪ್ಯಾಡ್. ಲಯದ ಮೇಲೆ ಪ್ರೀತಿ ಇದ್ದವರಿಗೆ ಇದು ಬೆಲೆಗೆ ತಕ್ಕದ್ದು, ರಾಗದ ಮೇಲೆ ಪ್ರೀತಿ ಇದ್ದವರಿಗೆ ಅಲ್ಲ.

ಓಣಿಯ ಹುಡುಗ ತೋರಿಸಿದ್ದು ಕೊರ್ಗ್ ವೋಲ್ಕಾ ಕೀಸ್. 2013ರಲ್ಲಿ ವೋಲ್ಕಾ ಮಾಲಿಕೆ ಬಂದಾಗ ಅಮೆರಿಕದಲ್ಲಿ ಒಂದಕ್ಕೆ 150 ಡಾಲರ್ ಆಸುಪಾಸು ಇತ್ತು. ನಾನು ನನ್ನದನ್ನು ಎರಡನೇ ಕೈಯಲ್ಲಿ ಒಂಬತ್ತು ಸಾವಿರಕ್ಕೆ ತೆಗೆದುಕೊಂಡೆ. ಇಂದಿಗೂ ಮಾರಿಲ್ಲ. ನಿಜವಾದ ಅನಲಾಗ್ (ಧ್ವನಿ ಹುಟ್ಟುವುದು ಚಿಪ್ಪಿನ ಲೆಕ್ಕದಿಂದಲ್ಲ, ಸರ್ಕ್ಯೂಟಿನ ವಿದ್ಯುತ್ತಿನಿಂದ), ಏಕಕಾಲಕ್ಕೆ ಮೂರು ಸ್ವರ, ಬಾರಿಸಿದ್ದನ್ನು ನೆನಪಿಟ್ಟು ಮತ್ತೆ ನುಡಿಸುವ 16 ಹೆಜ್ಜೆಯ ಸೀಕ್ವೆನ್ಸರ್, ಒಳಗೇ ಸಣ್ಣ ಸ್ಪೀಕರ್, ಆರು ಪೆನ್ಸಿಲ್ ಸೆಲ್. ಮುಖ್ಯವಾಗಿ, ಪ್ರತಿ ಗುಂಡಿಗೆ ಒಂದೊಂದು ಕೆಲಸ, ಮೆನು ಎಂಬುದೇ ಇಲ್ಲವೆನ್ನಬಹುದು. ಪೋರ್ಟಮೆಂಟೋ ಎಂಬ ಗುಂಡಿ ತುಸು ತಿರುಗಿಸಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಮೊದಲ ರಾತ್ರಿ ನಾನು ಮಾಡಿದ್ದು ಮಂದ್ರ ನಿಷಾದದಿಂದ ಷಡ್ಜಕ್ಕೆ ಜಾರಿಸಿದ್ದು, ಅಷ್ಟೇ. ನಲವತ್ತು ವರ್ಷ ಪೇಟಿಯ ಮನೆಗಳ ಮೇಲೆ ಹಾರಿದ ಬೆರಳಿಗೆ ಅದು ಸಿಕ್ಕ ಕ್ಷಣ ನಾನು ಮರೆಯುವಂಥದ್ದಲ್ಲ. ಮತ್ತೆ ಮತ್ತೆ ಅದೊಂದನ್ನೇ ಬಾರಿಸುತ್ತ ಕೂತಿದ್ದೆ.

ಆದರೆ ವೋಲ್ಕಾದ ಜಾರುವಿಕೆಗೆ ವೇಗ ಒಂದೇ. ಗುಂಡಿಯಲ್ಲಿ ಹೇಳಿದ ವೇಗದಲ್ಲಿ ಅದು ಹೋಗುತ್ತದೆ, ಕೊರಳಿನ ಹಾಗೆ ನಡುವೆ ತಡೆದು, ತೂಗಿ, ಮುಂದೆ ಸಾಗುವುದಿಲ್ಲ. ಕೀಗಳೋ ಕೀಗಳೇ ಅಲ್ಲ, ಚಪ್ಪಟೆ ಸ್ಪರ್ಶಪಟ್ಟಿಯ ಮೇಲೆ ಬಿಡಿಸಿದ 27 ಮನೆ. ಎಷ್ಟು ಜೋರಾಗಿ ಮುಟ್ಟಿದಿರಿ ಎಂಬುದು ಅದಕ್ಕೆ ತಿಳಿಯದು. ಮಿಡಿ, ಅಂದರೆ ಯಾವ ಸ್ವರ ಒತ್ತಿದೆ ಎಂದು ಯಂತ್ರಗಳು ತಿಳಿಸಿಕೊಳ್ಳುವ ಸಂಕೇತ, ಒಳಬರುವ ಕಿಂಡಿ ಇದೆ. ಹೊರಗಿನ ಕೀಬೋರ್ಡ್ ಹಚ್ಚಿದರೆ ಬೆರಳಿನ ಕಷ್ಟ ತಪ್ಪುತ್ತದೆ, ಆದರೆ ಆಗ ಪುಟ್ಟದು ಎಂಬ ಗುಣ ಹೋಯಿತು. ಧ್ವನಿ ಕಟ್ಟುವ ವಿದ್ಯೆಯನ್ನು ಕೈಯಿಂದ ಕಲಿಯಬೇಕು ಎಂಬುವರಿಗೆ ಇದಕ್ಕಿಂತ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಮಾಸ್ತರನನ್ನು ನಾನು ಕಂಡಿಲ್ಲ. ರಾಗ ಬಾರಿಸಬೇಕೆಂದರೆ ಸಾಲದು.

ಹಾಗೆಂದೇ ನಾನು ಯಮಹಾ ರಿಫೇಸ್ ಸಿಎಸ್ ಕಡೆ ಹೋದೆ. 2015ರ ರಿಫೇಸ್ ಮಾಲಿಕೆಯಲ್ಲಿ ನಾಲ್ಕು ಬಗೆ: ಸಿಎಸ್ ಅನಲಾಗ್ ತರಹದ್ದು, ಡಿಎಕ್ಸ್ ಎಫ್‌ಎಂ ತರಹದ್ದು (ಒಂದು ಧ್ವನಿಯಿಂದ ಇನ್ನೊಂದನ್ನು ಕದಲಿಸಿ ಬಣ್ಣ ಕಟ್ಟುವ ರೀತಿ), ಸಿಪಿ ಎಲೆಕ್ಟ್ರಿಕ್ ಪಿಯಾನೋ, ವೈಸಿ ಆರ್ಗನ್. ನಾಲ್ಕಕ್ಕೂ 37 ಸಣ್ಣ ಕೀ, ಅಂದರೆ ಮಂದ್ರ, ಮಧ್ಯ, ತಾರ ಮೂರೂ ಸಪ್ತಕ. ಹಾಡುಗರಿಗೆ ಇದು ಸಣ್ಣ ಮಾತಲ್ಲ. ಎರಡೇ ಸಪ್ತಕದ ಯಂತ್ರದಲ್ಲಿ ಅಂತರಾ ಏರುವಾಗಲೆಲ್ಲ ಆಕ್ಟೇವ್ ಬಟನ್ ಹುಡುಕಬೇಕು. ಎರಡು ವ್ಯಾಟಿನ ಎರಡು ಸ್ಪೀಕರ್ ಒಳಗಿವೆ, ಆರು ಪೆನ್ಸಿಲ್ ಸೆಲ್ಲಿಗೆ ಐದು ತಾಸು ನಡೆಯುತ್ತದೆ. ಕರೆಂಟ್ ಹೋದ ರಾತ್ರಿ ಮಾಳಿಗೆಯ ಮೇಲೆ ಕೂತು ಬಾರಿಸಿದ್ದೇನೆ.

ಸಿಎಸ್‌ನ ಎಡಗಡೆ ಒಂದು ಸಣ್ಣ ಲಿವರ್ ಇದೆ, ಒತ್ತಿದ ಸ್ವರವನ್ನು ಏರಿಸಿ ಇಳಿಸುವ ಪಿಚ್ ಬೆಂಡ್. ನನ್ನ ಮಟ್ಟಿಗೆ ಇಡೀ ಯಂತ್ರದ ಬೆಲೆ ಆ ಲಿವರಿನಲ್ಲಿದೆ. ದರಬಾರಿ ಕಾನಡಾ ರಾಗದ ಕೋಮಲ ಗಾಂಧಾರ ಪೇಟಿಯವರನ್ನು ಸದಾ ಸೋಲಿಸುವ ಸ್ವರ. ಅದು ನಿಲ್ಲುವುದಿಲ್ಲ, ತನ್ನ ಜಾಗಕ್ಕಿಂತ ತುಸು ಕೆಳಗೆ ತೂಗುತ್ತಿರುತ್ತದೆ. ಪೇಟಿಯವರ ಮಾತಿನಲ್ಲಿ ಕಾಳಿ ಅಂದರೆ ಕರಿ ಮನೆ, ಪಾಂಢರಿ ಅಂದರೆ ಬಿಳಿ ಮನೆ. ಸಾ ಕಾಳಿ ಏಕ್ (ಮೊದಲ ಕರಿ ಮನೆ) ಇಟ್ಟುಕೊಂಡರೆ ರೇ ಕಾಳಿ ದೋನ್, ಕೋಮಲ ಗ ಪಾಂಢರಿ ತೀನ್. ಪೇಟಿಯಲ್ಲಿ ಪಾಂಢರಿ ತೀನ್ ಒತ್ತಿದರೆ ಮೊಳೆ ಹೊಡೆದಂತೆ ಒಂದೇ ಕಡೆ. ರಿಫೇಸಿನಲ್ಲಿ ಹೀಗೆ ಮಾಡಿ: ಪಾಂಢರಿ ತೀನ್ ಮುಟ್ಟಲೇಬೇಡಿ. ಬಲಗೈಯಲ್ಲಿ ರೇ ಒತ್ತಿ ಹಿಡಿಯಿರಿ. ಲಿವರಿನ ರೂಢಿಯ ಮಿತಿ ಮೇಲಕ್ಕೆ ಎರಡು ಸೆಮಿಟೋನ್ (ಕರಿ, ಬಿಳಿ ಸೇರಿ ಎರಡು ಮನೆಯಷ್ಟು), ಹಾಗಾಗಿ ಅರ್ಧ ತಳ್ಳಿದರೆ ಕೋಮಲ ಗ ಬರುತ್ತದೆ. ಅರ್ಧಕ್ಕೂ ತುಸು ಮುಂಚೆ ನಿಲ್ಲಿಸಿ, ಅಲ್ಲಿಯೇ ಹೆಬ್ಬೆರಳಿನಿಂದ ನಿಧಾನ ತೂಗಿ, ಮತ್ತೆ ರೇಗೆ ಬಿಡಿ. ತಂಬೂರಿ ಪೆಟ್ಟಿಗೆ ಪಕ್ಕದಲ್ಲಿ ನುಡಿಯುತ್ತಿರಲಿ. ಕೈಗೆ ಹತ್ತಲು ನನಗೆ ಮೂರು ವಾರ ಬೇಕಾಯಿತು, ಲಿವರ್ ಸ್ಪ್ರಿಂಗಿನದಾದ್ದರಿಂದ ಬೆರಳು ಸಡಿಲಾದರೆ ಹಿಂದಕ್ಕೆ ಜಿಗಿಯುತ್ತದೆ. ಹತ್ತಿದ ದಿನ ಒಳಗಿನ ಕೋಣೆಯಿಂದ ನಮ್ಮ ಅವ್ವ, "ಯಾರು ಬಂದಾರ? ಸಾರಂಗಿ ಬಾರಿಸಾಕತ್ತಾರ?" ಎಂದು ಕೇಳಿದಳು. ಆ ಮಾತಿನ ಮುಂದೆ ಬೆಲೆಯ ಚಿಂತೆ ನನಗೆ ಉಳಿಯಲಿಲ್ಲ.

ದೋಷವೂ ಹೇಳಬೇಕು. ಸಿಎಸ್‌ನಲ್ಲಿ ನೀವು ಕಟ್ಟಿದ ಧ್ವನಿ ಯಂತ್ರದೊಳಗೆ ಉಳಿಸಿಡಲು ಬರುವುದಿಲ್ಲ. ಸ್ಲೈಡರ್‌ಗಳ ಜಾಗವನ್ನು ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳುವುದು ನನ್ನ ಉಪಾಯ. ಪೇಟಿಗೆ ಒಗ್ಗಿದ ಬೆರಳಿಗೆ ಸಣ್ಣ ಕೀ ಮೊದಲ ತಿಂಗಳು ಕಾಡುತ್ತದೆ, ದ್ರುತ ತಾನಿನಲ್ಲಿ ಎರಡು ಕೀ ಒಟ್ಟಿಗೆ ಬೀಳುತ್ತವೆ. ಆಮೇಲೆ ಸರಿಹೋಗುತ್ತದೆ.

ರಾಗದ ದೃಷ್ಟಿಯಿಂದಲೇ ನೋಡಿದರೆ ಇನ್ನೊಂದು ಯಂತ್ರವನ್ನು ಇದಕ್ಕೂ ಮೇಲೆ ಇಡಬೇಕೇನೋ ಎಂದು ನನಗೆ ಅನಿಸುತ್ತದೆ. 2017ರ ಕೊರ್ಗ್ ಮೊನೊಲಾಗ್. ಒಮ್ಮೆಗೆ ಒಂದೇ ಸ್ವರ, ಅನಲಾಗ್, 25 ಸಣ್ಣ ಕೀ, ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತದೆ. ಒಂದೇ ಸ್ವರವೆಂದು ಹಿಂಜರಿಯಬೇಡಿ. ಕೊರಳಿಗೂ ಒಂದೇ ಸ್ವರ, ಕೊಳಲಿಗೂ ಒಂದೇ ಸ್ವರ. ಇದರ ದೊಡ್ಡ ಗುಣ ಮೈಕ್ರೋಟ್ಯೂನಿಂಗ್. ಸಪ್ತಕದ ಹನ್ನೆರಡು ಸ್ವರಗಳಲ್ಲಿ ಒಂದೊಂದನ್ನೂ ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಿ ಉಳಿಸಿಡಬಹುದು. ಮೇಲೆ ಹೇಳಿದ ಗಾಂಧಾರವನ್ನು ಹದಿನಾಲ್ಕು ಸೆಂಟ್ ಇಳಿಸಿದ ಮೇಲೆ ತಂಬೂರಿಯ ಜೊತೆ ಒತ್ತಿದರೆ ಎರಡೂ ನಾದ ಒಂದಾಗಿ ಕೂಡುತ್ತವೆ, ನಡುವಿನ ಅಲೆ ಮಾಯವಾಗುತ್ತದೆ. ಶ್ರುತಿ ಎಂಬ ಮಾತನ್ನು ಪುಸ್ತಕದಲ್ಲಿ ಓದಿದವರಿಗೆ ಅದನ್ನು ಬೆರಳಿನಿಂದ ಮಾಡಿ ಕೇಳುವ ಅವಕಾಶ ಇದು. ಕಟ್ಟಿದ ಧ್ವನಿಯನ್ನೂ ಉಳಿಸಿಕೊಳ್ಳುತ್ತದೆ. ಒಳಗೆ ಸ್ಪೀಕರ್ ಇಲ್ಲ ಎಂಬುದೊಂದು ಕೊರತೆ. ಹೆಡ್‌ಫೋನೋ ಸ್ಪೀಕರೋ ಬೇಕೇ ಬೇಕು. ನಾನು ಮಾರಿದ ಎರಡರಲ್ಲಿ ಇದೂ ಒಂದು. ಮನೆಯಲ್ಲಿ ಎಲ್ಲರೂ ಕೂತು ಕೇಳಬೇಕು ಎಂಬ ಆಸೆಗೆ ರಿಫೇಸ್ ಇಟ್ಟುಕೊಂಡೆ. ಒಬ್ಬರೇ ಕೂತು ಸ್ವರಸಾಧನೆ ಮಾಡುವವರಾದರೆ ನನ್ನ ನಿರ್ಧಾರ ತಿರುಗಿಸಿ.

ಫ್ರಾನ್ಸಿನ ಆರ್ಟುರಿಯಾ ಮೈಕ್ರೋಫ್ರೀಕ್ 2019ರದು. ಧ್ವನಿಯ ವೈವಿಧ್ಯದಲ್ಲಿ ಈ ಬೆಲೆಯ ಯಂತ್ರಗಳನ್ನೆಲ್ಲ ಹಿಂದೆ ಹಾಕುತ್ತದೆ. ಕೀ ಚಪ್ಪಟೆ ಫಲಕವೇ, ಆದರೆ ಬೆರಳಿನ ಒತ್ತಡ ಒಂದೊಂದು ಕೀಗೂ ಬೇರೆಬೇರೆ ತಿಳಿಯುತ್ತದೆ. ಸೆಲ್ ಹಾಕುವ ಜಾಗವಿಲ್ಲ, ಸ್ಪೀಕರ್ ಇಲ್ಲ. ನಾಟಕಕ್ಕೆ, ಕಿರುಚಿತ್ರಕ್ಕೆ ಹಿನ್ನೆಲೆ ಕಟ್ಟುವ ಗೆಳೆಯರಿಗೆ ಹೇಳುತ್ತೇನೆ, ಬೇರೆಯವರಿಗೆ ಅಷ್ಟು ಒತ್ತಾಯ ಮಾಡುವುದಿಲ್ಲ.

ಎಲ್ಲರೂ ಕೇಳುವ ಒಪಿ-1. 2011ರಲ್ಲಿ ಬಂದದ್ದು, ಇದೇ ಟೀನೇಜ್ ಎಂಜಿನಿಯರಿಂಗ್ ಕಂಪನಿಯದು. 24 ಕೀ, ಸಿಂಥ್, ಧ್ವನಿ ಹಿಡಿದು ಬಾರಿಸುವ ಸ್ಯಾಂಪ್ಲರ್, ಆರು ನಿಮಿಷದ ನಾಲ್ಕು ಟ್ರ್ಯಾಕ್ ಟೇಪ್, ಎಫ್‌ಎಂ ರೇಡಿಯೋ ಎಲ್ಲ ಒಂದರಲ್ಲೇ. 2022ರ ಒಪಿ-1 ಫೀಲ್ಡ್ ಬಿಡುಗಡೆಯ ಬೆಲೆ 1,999 ಡಾಲರ್. ನಮ್ಮ ರೂಪಾಯಿಯಲ್ಲಿ ಸುಂಕ ಸೇರುವ ಮೊದಲೇ ಒಂದೂವರೆ ಲಕ್ಷ ದಾಟುತ್ತದೆ. ಬೆಂಗಳೂರಿನಲ್ಲಿ ಒಬ್ಬ ಸಂಬಂಧಿಕರ ಮನೆಯಲ್ಲಿ ಎರಡು ದಿನ ಬಾರಿಸಿದ್ದೇನೆ. ಸುಂದರವಾದ ವಸ್ತು. ಟೇಪಿನ ಮೇಲೆ ಧ್ವನಿಯ ಮೇಲೆ ಧ್ವನಿ ಇಡುವ ರೀತಿ ಮನಸ್ಸನ್ನು ಎಳೆಯುತ್ತದೆ, ಅಳಿಸಿ ಹಿಂದೆ ಹೋಗುವ ಸುಲಭ ಇಲ್ಲದ್ದರಿಂದ ಬಾರಿಸುವವ ಎಚ್ಚರದಿಂದ ಬಾರಿಸುತ್ತಾನೆ. ಆದರೂ ಹವ್ಯಾಸಕ್ಕೆ ಈ ಬೆಲೆ ನಾನು ಒಪ್ಪುವುದಿಲ್ಲ. ಅದೇ ದುಡ್ಡಿನಲ್ಲಿ ಒಳ್ಳೆಯ ಪೇಟಿ, ತಂಬೂರಿ, ಒಂದು ಎರಡನೇ ಕೈ ರಿಫೇಸ್ ಬಂದು, ಗುರುಗಳಿಗೆ ವರ್ಷಗಟ್ಟಲೆ ಕೊಡುವಷ್ಟು ಉಳಿಯುತ್ತದೆ. ಸಂಗೀತದಿಂದಲೇ ಹೊಟ್ಟೆ ಹೊರೆಯುವವರು ಬೇರೆ ಲೆಕ್ಕ ಹಾಕಿಕೊಳ್ಳಲಿ.

ಕೈಗೆ ಕೊಟ್ಟು ನೋಡಿದ್ದು

ಗದಗಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ತಬಲಾ ಕಲಿಸುತ್ತಾರೆ, ಹುಟ್ಟಿನಿಂದ ಕಣ್ಣು ಕಾಣದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದವರಿಗೆ ಸಂಗೀತದ ಅನ್ನ ಹಾಕಿದ ಊರು ಅದು. ಯಂತ್ರದ ಬಗ್ಗೆ ಅವರಷ್ಟು ಸ್ಪಷ್ಟವಾದ ವಿಮರ್ಶೆ ಯಾರಿಂದಲೂ ನನಗೆ ಸಿಕ್ಕಿಲ್ಲ. ಒಂದು ಭಾನುವಾರ ಚೀಲದಲ್ಲಿ ವೋಲ್ಕಾ, ಪಾಕೆಟ್ ಆಪರೇಟರ್, ರಿಫೇಸ್ ಮೂರನ್ನೂ ಒಯ್ದು ಚಾಪೆಯ ಮೇಲೆ ಸಾಲಾಗಿ ಇಟ್ಟೆ.

ವೋಲ್ಕಾ ಎತ್ತಿಕೊಂಡು ಮೇಲಿನ ಗುಂಡಿಗಳನ್ನು ಎಣಿಸಿದರು, ಒಂದೊಂದು ತಿರುಗಿಸಿ ಕೇಳಿದರು, ಹತ್ತು ನಿಮಿಷದಲ್ಲಿ ಎಲ್ಲದರ ಜಾಗ ಬಾಯಿಪಾಠ. ಕೆಳಗಿನ ಸ್ಪರ್ಶಪಟ್ಟಿಗೆ ಬಂದಾಗ ಬೆರಳು ನಿಂತಿತು. "ಇಲ್ಲೇನೂ ಇಲ್ಲಲ್ರಿ. ಮನಿ ಎಲ್ಲಿ ಮುಗೀತದ, ಎಲ್ಲಿ ಸುರು ಆಗ್ತದ?" ಕರಿ ಮನೆ, ಬಿಳಿ ಮನೆ ಎರಡೂ ಒಂದೇ ಮಟ್ಟ, ಉಬ್ಬು ಇಲ್ಲ, ತಗ್ಗು ಇಲ್ಲ. ಪಾಕೆಟ್ ಆಪರೇಟರ್ ಕೈಗೆ ತಗೊಂಡು ಐದು ನಿಮಿಷ ಒತ್ತಿ ನೋಡಿ ಕೆಳಗಿಟ್ಟರು. ಒಂದು ಬಟನ್ ಹಿಡಿದು ಇನ್ನೊಂದು ಒತ್ತಿದರೆ ಮೂರನೆಯದೇನೋ ಆಗುತ್ತದೆ, ಏನಾಯಿತೆಂಬುದನ್ನು ಸಣ್ಣ ಪರದೆ ಮಾತ್ರ ಹೇಳುತ್ತದೆ. ರಿಫೇಸಿನ ಸ್ಲೈಡರ್‌ಗಳ ಮೇಲೆ ಅಂಗೈ ಆಡಿಸಿದಾಗ ಅವರ ಮುಖ ಅರಳಿತು. ಸ್ಲೈಡರ್ ಎಲ್ಲಿದೆಯೋ ಧ್ವನಿ ಅಲ್ಲಿದೆ, ಮುಟ್ಟಿದರೆ ತಿಳಿಯುತ್ತದೆ. ಧ್ವನಿ ಉಳಿಸಿಡಲು ಬಾರದು ಎಂದು ನಾನು ಬೈದ ಯಂತ್ರವೇ ಅವರಿಗೆ ಹೆಚ್ಚು ಒಪ್ಪಿತು, ಯಾಕೆಂದರೆ ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ಆ ದಿನದಿಂದ ಯಾವ ಯಂತ್ರ ನೋಡಿದರೂ ಒಂದು ಸಲ ಕಣ್ಣು ಮುಚ್ಚಿ ಬಾರಿಸುತ್ತೇನೆ. ಕಣ್ಣು ಕಾಣುವವರಿಗೂ ಇದು ಒಳ್ಳೆಯ ಪರೀಕ್ಷೆ. ಹಾಡುವಾಗ ಯಾರೂ ಪರದೆ ನೋಡುತ್ತ ಹಾಡುವುದಿಲ್ಲ.

ಬೆಲೆಯ ಚೀಟಿಯಲ್ಲಿ ಇಲ್ಲದ ಖರ್ಚು

ಹೊರದೇಶದ ಅಂಗಡಿಯ ಬೆಲೆ ನೋಡಿ ಖುಷಿ ಪಡಬೇಡಿ. ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಬೇರೆಯದೇ ಮೊತ್ತ ಆಗಿರುತ್ತದೆ, ಮತ್ತು ಕೆಟ್ಟರೆ ಇಲ್ಲಿಯ ವಿತರಕರು ವಾರಂಟಿ ಒಪ್ಪಬೇಕೆಂದಿಲ್ಲ. ಇಲ್ಲಿಯೇ ಬಿಲ್ ಸಮೇತ ಸಿಗುವುದು ಎರಡು ಸಾವಿರ ಹೆಚ್ಚಾದರೂ ಅದನ್ನೇ ತಗೊಳ್ಳಿ.

ಅಡಾಪ್ಟರ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಎರಡನೇ ಕೈ ವೋಲ್ಕಾ ಕೊಟ್ಟವರು ಜೊತೆಗೊಂದು 9 ವೋಲ್ಟ್ ಅಡಾಪ್ಟರ್ ಇಟ್ಟಿದ್ದರು. ಅದು ಬೇರೆ ಯಾವುದೋ ಯಂತ್ರದ್ದು. ಆ ಅಡಾಪ್ಟರಿನಲ್ಲಿ ಒಳಗಿನ ತುದಿ ಋಣ, ವೋಲ್ಕಾಗೆ ಬೇಕಾದದ್ದು ಒಳಗಿನ ತುದಿ ಧನ. ಅದು ಗೊತ್ತಿಲ್ಲದೆ ಅದನ್ನೇ ಚುಚ್ಚಿದೆ. ದೀಪ ಹತ್ತಲಿಲ್ಲ, ಎದೆ ಧಸಕ್ಕೆಂದಿತು. ತೆಗೆದು ಸೆಲ್ ಹಾಕಿದಾಗ ಪುಣ್ಯಕ್ಕೆ ನಡೆಯಿತು. ಎಲ್ಲರದೂ ಹೀಗೆ ಉಳಿಯುವುದಿಲ್ಲ. ವೋಲ್ಟ್ ಒಂದೇ ನೋಡಬೇಡಿ, ಅಡಾಪ್ಟರಿನ ಮೇಲೆ ಬಿಡಿಸಿದ ಧನ-ಋಣ ಚಿತ್ರವನ್ನು ಯಂತ್ರದ ಮೇಲಿನ ಚಿತ್ರದ ಜೊತೆ ಹೊಂದಿಸಿ ನೋಡಿ.

ಸೆಲ್ಲಿನ ಖರ್ಚು ವರ್ಷಕ್ಕೆ ಸಾವಿರ ದಾಟುತ್ತದೆ. ಚಾರ್ಜ್ ಮಾಡುವ ಸೆಲ್ ಎರಡು ಜೊತೆ ಇಟ್ಟುಕೊಳ್ಳಿ. ಅವು 1.5 ಅಲ್ಲ, 1.2 ವೋಲ್ಟಿನವು. ವೋಲ್ಕಾದಲ್ಲಿ ಯಾವ ಬಗೆಯ ಸೆಲ್ ಎಂದು ತಿಳಿಸುವ ಸೆಟ್ಟಿಂಗ್ ಇದೆ. ಅದನ್ನು ಬದಲಿಸದಿದ್ದರೆ ಸೆಲ್ ಎಷ್ಟು ಉಳಿದಿದೆ ಎಂಬುದನ್ನು ತಪ್ಪಾಗಿ ತೋರಿಸಬಹುದು. ಇನ್ನು ಹುಬ್ಬಳ್ಳಿಯ ಧೂಳು. ಗುಂಡಿ, ಸ್ಲೈಡರ್‌ಗಳ ಸಂದಿಗೆ ಧೂಳು ಇಳಿದರೆ ತಿರುಗಿಸಿದಾಗ ಕರಕರ ಎನ್ನುತ್ತದೆ. ಹಳೆಯ ಸೀರೆಯ ತುಂಡು ಮುಚ್ಚಿಡುವುದು ಪೇಟಿಗೆ ಮಾಡುವ ಉಪಚಾರವೇ, ಇದಕ್ಕೂ ಅದು ಸಾಕು.

ಎರಡನೇ ಕೈಯಲ್ಲಿ ಕೊಳ್ಳುವಾಗ ನಿಮ್ಮದೇ ಆರು ಸೆಲ್, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಮೊದಲು ಸೆಲ್ ಹಾಕುವ ಗೂಡು ತೆರೆದು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಹಳೆಯ ಸೆಲ್ ಸೋರಿದೆ ಎಂದರ್ಥ, ಬೆಲೆ ಇಳಿಸಿ ಕೇಳಿ ಅಥವಾ ಎದ್ದು ಬನ್ನಿ. ಪ್ರತಿ ಕೀ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ. ಪ್ರತಿ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುತ್ತ ಕೇಳಿ. ಹೆಡ್‌ಫೋನ್ ಜಾಕಿನಲ್ಲಿ ವೈರ್ ಸ್ವಲ್ಪ ಅಲ್ಲಾಡಿಸಿದಾಗ ಒಂದು ಕಿವಿ ಹೋಗುತ್ತದೆಯೇ ನೋಡಿ. ಜಾಕ್, ಸ್ವಿಚ್ ಕೆಟ್ಟಿದ್ದರೆ ನಮ್ಮ ಊರಿನ ರೇಡಿಯೋ ರಿಪೇರಿಯವರು ಕೂಡ ಸರಿಮಾಡಿಕೊಡುತ್ತಾರೆ. ಒಳಗಿನ ಚಿಪ್ ಹೋದರೆ ಕೈಬಿಡಬೇಕಾಗುತ್ತದೆ.

ಓಣಿಯ ಹುಡುಗನಿಗೆ ನಾನು ಹೂಂ ಎಂದೂ ಅನ್ನಲಿಲ್ಲ, ಬ್ಯಾಡ ಎಂದೂ ಅನ್ನಲಿಲ್ಲ. ನನ್ನ ವೋಲ್ಕಾವನ್ನು ಬಟ್ಟೆ ಚೀಲದಲ್ಲಿ ಹಾಕಿ, ಆರು ಸೆಲ್ ಜೊತೆ ಕೊಟ್ಟು, "ಹದಿನೈದು ದಿನ ಇಟ್ಕೋ ತಮ್ಮಾ. ದಿನಾ ರಾತ್ರಿ ಒಂದು ನಿಮಿಷ ಬಾರಿಸಿದ್ದು ಫೋನಿನ್ಯಾಗ ರೆಕಾರ್ಡ್ ಮಾಡಿ ನನಗ ಕಳಸು" ಎಂದೆ. ಇವತ್ತಿಗೆ ಆರು ದಿನ. ನಾಲ್ಕು ರೆಕಾರ್ಡಿಂಗ್ ಬಂದಿವೆ. ನಿನ್ನೆಯದರಲ್ಲಿ ಅವನು ಬಾರಿಸುತ್ತಿರುವಾಗ ಹಿಂದಿನಿಂದ ಅವನ ಅಪ್ಪ ಅಜ್ಜನ ಪೇಟಿ ತೆಗೆದು ಷಡ್ಜ ಹಿಡಿದದ್ದು ಕೇಳಿಸುತ್ತದೆ.